ಅರ್ಧ ಸ್ಟಿಚ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ

10 ಸೆಂ.ಮೀ.ಗೆ 22 ಸ್ಟಿಚ್ ಎಂದು ಹಿಡಿದು ಸ್ವೆಟರ್ ಹೆಣೆಯಲು 220 ಸ್ಟಿಚ್ (ಕಡ್ಡಿಯ ಮೇಲಿನ ಕುಣಿಕೆ) ಹಾಕಿದರೆ ಎದೆಸುತ್ತು 100 ಸೆಂ.ಮೀ. ಬರಬೇಕು. ಕೈಯ ಅಳತೆ, ಅಂದರೆ ನೀವು ಹೆಣೆದಾಗ 10 ಸೆಂ.ಮೀ.ಗೆ ಬರುವ ಸ್ಟಿಚ್, ನಿಜವಾಗಿ ಇಪ್ಪತ್ತೊಂದೂವರೆ ಇದ್ದರೆ ಅದೇ 220 ಸ್ಟಿಚ್ 102.3 ಸೆಂ.ಮೀ. ಆಗುತ್ತದೆ. 21 ಇದ್ದರೆ 104.8, 20 ಇದ್ದರೆ 110. ಅಳತೆ ನೋಡಲು ಮೊದಲು ಹೆಣೆಯುವ ಮಾದರಿ ತುಂಡಿನಲ್ಲಿ ಕಣ್ಣಿಗೆ ಬೀಳದ ಅರ್ಧ ಸ್ಟಿಚ್ ಸ್ವೆಟರಿನ ಸುತ್ತಳತೆಯಲ್ಲಿ ಹತ್ತು ಪಟ್ಟಾಗಿ ಕಾಣಿಸಿಕೊಳ್ಳುತ್ತದೆ.

ಹಾಗಾಗಿ ಮಾದರಿ ತುಂಡು ಕನಿಷ್ಠ 15 ಸೆಂ.ಮೀ. ಅಗಲ, ಅಷ್ಟೇ ಉದ್ದ ಇರಲಿ. ಅಂಚಿನ ಸ್ಟಿಚ್‌ಗಳು ಎಳೆದುಕೊಂಡಿರುತ್ತವೆ, ಅಲ್ಲಿ ಅಳೆಯಬೇಡಿ. ಸ್ವೆಟರನ್ನು ಹೇಗೆ ಒಗೆಯುತ್ತೀರೋ ಹಾಗೇ ತುಂಡನ್ನೂ ಒಗೆದು, ಹಾಸಿ ಒಣಗಿಸಿ, ಮಧ್ಯದ 10 ಸೆಂ.ಮೀ.ಯನ್ನು ಎರಡು ಮೂರು ಕಡೆ ಎಣಿಸಿ. ನೀರು ಕಂಡ ಮೇಲೆ ಸಡಿಲವಾಗುವ ಉಲ್ಲನ್ ಬಹಳ. ಸುತ್ತಲೂ ಹೆಣೆಯುವ ಉಡುಪಾದರೆ ತುಂಡನ್ನೂ ಸುತ್ತಲೇ ಹೆಣೆಯಿರಿ: ಹಲವರ ಕೈಯಲ್ಲಿ ಪರ್ಲ್ (ಉಲ್ಟಾ) ಸಾಲು ನಿಟ್ (ಸೀದಾ) ಸಾಲಿಗಿಂತ ಸಡಿಲ, ಸಾದಾ ಹೆಣಿಗೆಯ ಸುತ್ತಿನಲ್ಲಿ ಪರ್ಲ್ ಸಾಲೇ ಇರುವುದಿಲ್ಲ. ಉಲ್ಲನ್ ಉಂಡೆಯ ಲೇಬಲ್ ಹೇಳುವ ಸಂಖ್ಯೆ ಕಡ್ಡಿ ಆರಿಸಲು ಸಾಕು, ಲೆಕ್ಕಕ್ಕೆ ಸಾಲದು. ಬೇಕಾದುದಕ್ಕಿಂತ ಹೆಚ್ಚು ಸ್ಟಿಚ್ ಬಂದರೆ ದಪ್ಪ ಕಡ್ಡಿ, ಕಡಿಮೆ ಬಂದರೆ ಸಣ್ಣ ಕಡ್ಡಿ.

ಲೆಕ್ಕ ಸುಲಭ. ಎದೆ 92, ಸಡಿಲಕ್ಕೆ 8, ಒಟ್ಟು 100 ಸೆಂ.ಮೀ.; ಅದನ್ನು ಸೆಂ.ಮೀ.ಗೆ ಬರುವ 2.2 ಸ್ಟಿಚ್‌ನಿಂದ ಗುಣಿಸಿದರೆ 220. ದಶಮಾಂಶವನ್ನು ಕೊನೆಯವರೆಗೂ ಉಳಿಸಿಕೊಂಡು ಬನ್ನಿ, ಪೂರ್ಣಸಂಖ್ಯೆ ಮಾಡುವುದು ಕಟ್ಟಕಡೆಗೆ. ಮುಂಭಾಗ, ಹಿಂಭಾಗ ಬೇರೆಬೇರೆ ಹೆಣೆದು ಹೊಲಿಯುವುದಾದರೆ ಪ್ರತಿ ತುಂಡಿಗೂ ಎರಡು ಸ್ಟಿಚ್ ಸೇರಿಸಿ, ಅವು ಹೊಲಿಗೆಯೊಳಗೆ ಹೋಗುತ್ತವೆ.

ವಿನ್ಯಾಸ 12 ಸ್ಟಿಚ್‌ಗೊಮ್ಮೆ ಮರಳುವುದಾದರೆ 220 ಹೊಂದುವುದಿಲ್ಲ. 216 ಹಾಕಿದರೆ 98.2, 228 ಹಾಕಿದರೆ 103.6 ಸೆಂ.ಮೀ. ಇಲ್ಲಿ 216 ಒಳ್ಳೆಯದು, ಸಡಿಲ ಎರಡು ಸೆಂ.ಮೀ. ಕಡಿಮೆಯಾದರೆ ತೊಂದರೆಯಿಲ್ಲ. ಜಡೆ ವಿನ್ಯಾಸ ಬಟ್ಟೆಯನ್ನು ಒಳಕ್ಕೆ ಎಳೆಯುತ್ತದೆ. ಅದರ ಅಳತೆಯನ್ನು ಜಡೆ ಹೆಣೆದ ತುಂಡಿನಿಂದಲೇ ತೆಗೆಯಬೇಕು.

ಟೋಪಿಗೆ ಸಡಿಲ ಕೂಡಿಸುವುದಲ್ಲ, ಕಳೆಯುವುದು. ತಲೆ 56 ಸೆಂ.ಮೀ. ಇದ್ದರೆ ಸುಮಾರು 50ಕ್ಕೆ ಹೆಣೆಯಿರಿ: 110 ಸ್ಟಿಚ್. ನೆತ್ತಿಯಲ್ಲಿ ಎಂಟು ಭಾಗ ಮಾಡಿ ಇಳಿಸಲು 112 ಅನುಕೂಲ, ಭಾಗಕ್ಕೆ 14. ಎರಡು ನಿಟ್, ಎರಡು ಪರ್ಲ್ ರಿಬ್‌ಗೂ (ಹಿಗ್ಗುವ ಅಂಚುಪಟ್ಟಿ) ಅದು ಸರಿಹೋಗುತ್ತದೆ.

ರಿಬ್ ಮುಗಿದ ಮೇಲೆ ಸ್ಟಿಚ್ ಏರಿಸುವಾಗಲೂ ಭಾಗಾಕಾರದ ಶೇಷ ಕಾಡುತ್ತದೆ. ರಿಬ್‌ನ 196 ಸ್ಟಿಚ್ಚನ್ನು 220 ಮಾಡಲು 24 ಹೆಚ್ಚಳ ಬೇಕು. 196ನ್ನು 24ರಿಂದ ಭಾಗಿಸಿದರೆ 8, ಶೇಷ 4. ಆ ನಾಲ್ಕನ್ನು ಒಂದೇ ಕಡೆ ತುರುಕಿದರೆ ಬಟ್ಟೆ ಏರುಪೇರಾಗುತ್ತದೆ. 20 ಸಲ ಎಂಟು ಸ್ಟಿಚ್‌ಗೊಮ್ಮೆ, 4 ಸಲ ಒಂಬತ್ತಕ್ಕೊಮ್ಮೆ ಏರಿಸಿ. ಒಂಬತ್ತರವನ್ನು ಸುತ್ತಲೂ ಹಂಚಿ.

ತೋಳಿಗೆ ಸಾಲಿನ ಅಳತೆಯೂ ಬೇಕು. 48 ಸ್ಟಿಚ್‌ನಿಂದ 72ಕ್ಕೆ ಹೋಗಲು, ಎರಡೂ ಅಂಚಿನಲ್ಲಿ ಒಂದೊಂದರಂತೆ, 12 ಹೆಚ್ಚಳದ ಸಾಲು. 10 ಸೆಂ.ಮೀ.ಗೆ 30 ಸಾಲಾದರೆ 36 ಸೆಂ.ಮೀ.ಗೆ 108 ಸಾಲು, ಒಂಬತ್ತಕ್ಕೊಮ್ಮೆ ಏರಿಸಬೇಕು. ಹಿಂದೆ ಮುಂದೆ ತಿರುಗಿಸಿ ಹೆಣೆಯುವಾಗ ಒಂಬತ್ತು ಬೆಸ ಸಂಖ್ಯೆಯಾದ್ದರಿಂದ ಒಂದು ಬಿಟ್ಟು ಒಂದು ಹೆಚ್ಚಳ ಉಲ್ಟಾ ಬದಿಗೆ ಬೀಳುತ್ತದೆ. ಎಂಟಕ್ಕೊಮ್ಮೆ, ಹತ್ತಕ್ಕೊಮ್ಮೆ ಎಂದು ಆರಾರು ಸಲ ಬದಲಾಯಿಸಿ ಏರಿಸಿದರೆ ಅದೇ 108 ಸಾಲಿನಲ್ಲಿ ಎಲ್ಲ ಹೆಚ್ಚಳವೂ ಸೀದಾ ಬದಿಯಲ್ಲೇ ಬರುತ್ತದೆ.