ಬಾಗಲಕೋಟೆಯಿಂದ ಮಾಲ್ವಣಕ್ಕೆ: ಹವಳದ ದಿಬ್ಬ ನೋಡಲು ಹೊರಡುವವರಿಗೆ

ಬಾಗಲಕೋಟೆಯವರಾದ ನಮಗೆ ಸುಣ್ಣಕಲ್ಲು ಹೊಸದಲ್ಲ. ಕಲಾದಗಿ ಶಿಲಾಸ್ತರಗಳಲ್ಲಿ ಪದರು ಪದರಾಗಿ ಕಾಣುವ ಸ್ಟ್ರೊಮಾಟೊಲೈಟ್‌ಗಳು, ಭೂಮಿಯ ಮೇಲೆ ಪ್ರಾಣಿಗಳೇ ಇರದಿದ್ದ ಕಾಲದಲ್ಲಿ ಸೂಕ್ಷ್ಮಜೀವಿಗಳು ನೀರೊಳಗೆ ಕಟ್ಟಿದ ದಿಬ್ಬಗಳ ಗುರುತುಗಳು. ಅದೇ ಬಗೆಯ ಕೆಲಸವನ್ನು ಹವಳದ ಜೀವಿಗಳು ಇಂದಿಗೂ ಮಾಡುತ್ತಿರುವುದನ್ನು ಕಣ್ಣಾರೆ ಕಾಣಬೇಕೆಂದು ಕಳೆದ ಜನವರಿಯಲ್ಲಿ ಪತ್ನಿ, ಮಗಳು ಮತ್ತು ಅವ್ವನೊಂದಿಗೆ ಮಹಾರಾಷ್ಟ್ರದ ಮಾಲ್ವಣಕ್ಕೆ ಹೋಗಿ ಬಂದೆ.

ವಯಸ್ಸಾದವರು ಜೊತೆಗಿದ್ದರೆ ಒಂದೇ ದಿನದಲ್ಲಿ ತಲುಪುವ ಯೋಚನೆ ಬೇಡ. ನಾವು ಬೆಳಗಾವಿಯಲ್ಲಿ ರಾತ್ರಿ ತಂಗಿ, ನಸುಕಿನಲ್ಲಿ ವೆಂಗುರ್ಲೆ ರಸ್ತೆ ಹಿಡಿದು, ಅಂಬೋಲಿ ಘಾಟ್ ಇಳಿದು, ಸಾವಂತವಾಡಿ, ಕುಡಾಳಗಳ ಮೂಲಕ ಮಧ್ಯಾಹ್ನದ ಊಟಕ್ಕೆ ಮಾಲ್ವಣ ಸೇರಿದೆವು.

ಯಾವಾಗ ಹೋಗಬೇಕೆಂಬುದು ಎಲ್ಲಕ್ಕಿಂತ ಮುಖ್ಯ. ಮಳೆಗಾಲದಲ್ಲಿ ಪ್ರವಾಸಿ ದೋಣಿಗಳು ನಿಂತಿರುತ್ತವೆ. ಅಕ್ಟೋಬರ್‌ನಲ್ಲಿ ಮತ್ತೆ ಆರಂಭವಾದರೂ ಹೊಳೆಗಳು ತಂದ ಕೆಸರು ತಿಳಿಯಾಗಲು ಸಮಯ ಬೇಕು, ಆದ್ದರಿಂದ ಡಿಸೆಂಬರ್‌ನಿಂದ ಫೆಬ್ರವರಿಯವರೆಗಿನ ಬೆಳಗಿನ ಹೊತ್ತು ಉತ್ತಮ. ಹವಳಕ್ಕೂ ಈ ಕೆಸರೇ ತೊಡಕು. ದಿಬ್ಬ ಕಟ್ಟುವ ಹವಳಗಳ ದೇಹದೊಳಗೆ ವಾಸಿಸುವ ಸೂಕ್ಷ್ಮ ಪಾಚಿಗಳು ಬಿಸಿಲಿನಿಂದ ಆಹಾರ ತಯಾರಿಸಿ ಹವಳಕ್ಕೂ ಉಣಿಸುತ್ತವೆ. ಹಾಗಾಗಿ ಅವಕ್ಕೆ ಬೆಚ್ಚಗಿನ, ತಿಳಿಯಾದ, ಆಳವಿಲ್ಲದ ಉಪ್ಪುನೀರು ಬೇಕು. ಭೂಮಧ್ಯರೇಖೆಯ ಎರಡೂ ಬದಿಗೆ ಸುಮಾರು 30 ಡಿಗ್ರಿ ಅಕ್ಷಾಂಶದೊಳಗೇ ಹೆಚ್ಚಿನ ದಿಬ್ಬಗಳಿರುವುದು ಇದೇ ಕಾರಣಕ್ಕೆ. ಇಂಡೋನೇಷ್ಯಾ, ಫಿಲಿಪೈನ್ಸ್, ಪಪುವಾ ನ್ಯೂಗಿನಿಗಳನ್ನೊಳಗೊಂಡ ಹವಳ ತ್ರಿಕೋನ ಅವುಗಳ ತವರು. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್ 2,300 ಕಿ.ಮೀ. ಉದ್ದವಿದೆ. ನಮ್ಮ ದೇಶದಲ್ಲಿ ಲಕ್ಷದ್ವೀಪ, ಅಂಡಮಾನ್ ನಿಕೋಬಾರ್, ಮನ್ನಾರ್ ಕೊಲ್ಲಿ ಮತ್ತು ಕಚ್ ಕೊಲ್ಲಿಗಳಲ್ಲಿ ದೊಡ್ಡ ದಿಬ್ಬಗಳಿವೆ. ಮಾಲ್ವಣದಲ್ಲಿರುವುದು ಅಲ್ಲೊಂದು ಇಲ್ಲೊಂದು ತುಣುಕು, ಟಿ.ವಿ.ಯಲ್ಲಿ ಕಂಡ ಬಣ್ಣದ ತೋಟವನ್ನು ನಿರೀಕ್ಷಿಸಿ ಹೋಗಬೇಡಿ. ಆಳಕ್ಕೆ ಮುಳುಗುವ ಧೈರ್ಯವಿದ್ದವರು ಮುರುಡೇಶ್ವರದಾಚೆಯ ನೇತ್ರಾಣಿ ದ್ವೀಪವನ್ನು ಆರಿಸಿಕೊಳ್ಳಬಹುದು.

1664ರಲ್ಲಿ ಶಿವಾಜಿ ಮಹಾರಾಜರು ಕಟ್ಟಿಸಲಾರಂಭಿಸಿದ ಸಿಂಧುದುರ್ಗದ ಸುತ್ತಲಿನ ಆಳವಿಲ್ಲದ ನೀರಿನಲ್ಲಿ ನಾವು ಸ್ನಾರ್ಕೆಲಿಂಗ್ (ಉಸಿರುಕೊಳವೆ ಕಚ್ಚಿಕೊಂಡು ಮೇಲೆಯೇ ತೇಲುತ್ತ ನೀರೊಳಗೆ ನೋಡುವುದು) ಮಾಡಿದೆವು. ನೀರಿನೊಳಗೆ ಮುಖವಿಟ್ಟ ಮೊದಲ ನಿಮಿಷ ಬರೀ ಹಸಿರು ಮಬ್ಬು. ಕಣ್ಣು ಹೊಂದಿಕೊಂಡ ಮೇಲೆ ಕಂದು ಬಣ್ಣದ, ಬಿಂದಿಗೆ ಗಾತ್ರದ ಗುಂಡು ಹವಳವೊಂದು, ಅದರ ಸುತ್ತ ಪಟ್ಟೆಪಟ್ಟೆಯ ಸಣ್ಣ ಮೀನುಗಳು ಕಂಡವು. ಇಂಥ ಹವಳ ವರ್ಷಕ್ಕೆ ಒಂದು ಸೆಂಟಿಮೀಟರ್ ಆಸುಪಾಸಿನಲ್ಲಷ್ಟೇ ಬೆಳೆಯುತ್ತದೆ. ಬಹುಶಃ ಅದಕ್ಕೆ ನನ್ನ ಮಗಳಷ್ಟೇ ವಯಸ್ಸು. ನಮ್ಮ ದೋಣಿಯ ಹುಡುಗ ಫೋಟೊಗಾಗಿ ಅದರ ಮೇಲೆ ನಿಲ್ಲಲು ಹೇಳಿದಾಗ ನನಗೆ ಬಹಳ ನೋವಾಯಿತು. 1987ರಲ್ಲೇ ಈ ಪ್ರದೇಶದ ಒಂದು ಭಾಗ ಸಾಗರ ಅಭಯಾರಣ್ಯವಾಗಿದೆ. ದಯವಿಟ್ಟು ನಿಲ್ಲಬೇಡಿ, ಮುಟ್ಟಲೂ ಬೇಡಿ. ದೋಣಿ ಹತ್ತುವ ಮೊದಲೇ ಇದನ್ನು ಸ್ಪಷ್ಟವಾಗಿ ಹೇಳಿಬಿಡಿ. ಕೆಲವು ಸನ್‌ಸ್ಕ್ರೀನ್‌ಗಳಲ್ಲಿರುವ ಆಕ್ಸಿಬೆನ್ಜೋನ್ ಎಂಬ ರಾಸಾಯನಿಕ ಹವಳದ ಮರಿಗಳಿಗೆ ಹಾನಿ ಮಾಡುವುದರಿಂದ ತುಂಬುತೋಳಿನ ಅಂಗಿ ತೊಡುವುದೇ ಮೇಲು.

ಸಾಗರತಳದ ಶೇಕಡ 1ಕ್ಕಿಂತ ಕಡಿಮೆ ಜಾಗದಲ್ಲಿರುವ ಈ ದಿಬ್ಬಗಳು ಸಮುದ್ರಜೀವಿಗಳ ಸುಮಾರು ಕಾಲು ಭಾಗ ಪ್ರಭೇದಗಳಿಗೆ ಆಸರೆ. ದಡಕ್ಕೆ ಬರುವ ಅಲೆಗಳ ಶಕ್ತಿಯನ್ನು ಇವು ಸರಾಸರಿ ಶೇಕಡ 97ರಷ್ಟು ತಗ್ಗಿಸುತ್ತವೆಂದು 2014ರ ಅಧ್ಯಯನವೊಂದು ಲೆಕ್ಕ ಹಾಕಿದೆ. ಮೀನು, ಪ್ರವಾಸೋದ್ಯಮ, ದಡದ ರಕ್ಷಣೆ ಎಲ್ಲ ಸೇರಿ ಜಗತ್ತಿನ ಸುಮಾರು 50 ಕೋಟಿ ಜನ ಇವನ್ನು ನೆಚ್ಚಿದ್ದಾರೆ. ಬಲೆ ಬೀಸುವ ಕುಟುಂಬದ ಮಕ್ಕಳೇ ಮಾಲ್ವಣದಲ್ಲಿ ಈಗ ಮುಳುಗು ಕಲಿಸುತ್ತಾರೆ. ಒಂದೇ ಮನೆಯ ಎರಡು ಸಂಪಾದನೆಗೂ ಒಂದೇ ಸಮುದ್ರ. ನೀರು ಅತಿಯಾಗಿ ಕಾದರೆ ಹವಳ ತನ್ನ ಪಾಚಿಯನ್ನು ಹೊರಹಾಕಿ ಬೆಳ್ಳಗಾಗುತ್ತದೆ, ಬಿಸಿ ಮುಂದುವರಿದರೆ ಸಾಯುತ್ತದೆ. 1998ರಲ್ಲಿ ಲಕ್ಷದ್ವೀಪದಲ್ಲಿ ಆದದ್ದು ಇದೇ.

ನೀರಿಗಿಳಿಯದೆ ದೋಣಿಯಲ್ಲೇ ಕುಳಿತಿದ್ದ ಅವ್ವ, "ನಮ್ಮ ತಾಳಿ ಸರದಾಗಿನ ಹವಳ ಇದs ಏನಪಾ?" ಎಂದು ಕೇಳಿದಳು. ಅಲ್ಲ, ಆ ಕೆಂಪು ಹವಳ ಹೆಚ್ಚಾಗಿ ಮೆಡಿಟರೇನಿಯನ್ ಸಮುದ್ರದ್ದು, ಬೇರೆಯೇ ಜಾತಿ, ದಿಬ್ಬ ಕಟ್ಟುವುದಿಲ್ಲ. ದಿಬ್ಬ ಕಟ್ಟುವ ಹವಳಕ್ಕೆ 1972ರ ವನ್ಯಜೀವಿ ಕಾಯಿದೆಯ ರಕ್ಷಣೆಯಿದೆ. ದಡದಲ್ಲಿ ಯಾರಾದರೂ ಬಿಳಿಯ ತುಂಡನ್ನು ಮಾರಲು ಬಂದರೆ ಕೊಳ್ಳಬೇಡಿ. ಮರಳಿನಲ್ಲಿ ಬಿದ್ದಿದ್ದನ್ನೂ ಚೀಲಕ್ಕೆ ಹಾಕಿಕೊಳ್ಳದೆ ಅಲ್ಲಿಯೇ ಬಿಟ್ಟು ಬನ್ನಿ.