ಕೀಬೋರ್ಡ್ ಹಿಂದಿನ ಕ್ರಿಸ್ ಲೋವ್

ನಾನು ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುತ್ತೇನೆ. ರಾಜಾಜಿನಗರದ ಗಣೇಶ, ವಿಜಯನಗರದ ರಾಜ್ಯೋತ್ಸವ, ಮದುವೆ ರಿಸೆಪ್ಷನ್, ಹೀಗೆ. ಫ್ಲೆಕ್ಸ್ ಮೇಲೆ ಗಾಯಕರ ಫೋಟೋ ಇರುತ್ತದೆ, ಹಿಂದೆ ನಿಂತವರದ್ದು ಇರುವುದಿಲ್ಲ. ಅದಕ್ಕೇ ನನಗೆ ಇಂಗ್ಲೆಂಡಿನ ಪಾಪ್ ತಂಡ ಪೆಟ್ ಶಾಪ್ ಬಾಯ್ಸ್ ಅಂದರೆ ಅಷ್ಟು ಪ್ರೀತಿ.

ಇವರು ಇಬ್ಬರೇ. ನೀಲ್ ಟೆನೆಂಟ್ ಹಾಡುತ್ತಾರೆ. ಕ್ರಿಸ್ ಲೋವ್ ಟೋಪಿ, ಕಪ್ಪು ಕನ್ನಡಕ ಹಾಕಿಕೊಂಡು ಕೀಬೋರ್ಡ್ ಹಿಂದೆ ನಿಂತಿರುತ್ತಾರೆ. ನಗುವುದೇ ಅಪರೂಪ. ಆದರೆ ಹಾಡು ಕಟ್ಟಿದವರು ಯಾರು ಅಂತ ನೋಡಿ, ಟೆನೆಂಟ್ ಪಕ್ಕದಲ್ಲೇ ಲೋವ್ ಹೆಸರಿರುತ್ತದೆ.

1981ರಲ್ಲಿ ಲಂಡನ್ನಿನ ಕಿಂಗ್ಸ್ ರೋಡಿನ ಒಂದು ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಇಬ್ಬರಿಗೂ ಪರಿಚಯವಾಯಿತು. ನಮ್ಮ ಎಸ್.ಪಿ. ರೋಡಲ್ಲಿ ಕೇಬಲ್ ಹುಡುಕುತ್ತಾ ಪಕ್ಕದವರ ಜೊತೆ ಮಾತಿಗೆ ಬೀಳುತ್ತೇವಲ್ಲ, ಹಾಗೆ. ಲೋವ್ ಆಗ ಆರ್ಕಿಟೆಕ್ಚರ್ ಓದುತ್ತಿದ್ದರು. ಟೆನೆಂಟ್ ಆಮೇಲೆ 'ಸ್ಮ್ಯಾಶ್ ಹಿಟ್ಸ್' ಅನ್ನೋ ಪಾಪ್ ಪತ್ರಿಕೆಗೆ ಸೇರಿದರು. ಅದರ ಕೆಲಸಕ್ಕೆ 1983ರಲ್ಲಿ ನ್ಯೂಯಾರ್ಕಿಗೆ ಹೋದಾಗ ಸಂಗೀತ ನಿರ್ಮಾಪಕ ಬಾಬಿ ಓರ್ಲಾಂಡೋ ಸಿಕ್ಕರು.

ಅವರ ಜೊತೆ ಮಾಡಿದ 'ವೆಸ್ಟ್ ಎಂಡ್ ಗರ್ಲ್ಸ್' ಹಾಡು 1984ರಲ್ಲಿ ಬಂತು. ಇಂಗ್ಲೆಂಡಿನಲ್ಲಿ ಜಾಸ್ತಿ ಓಡಲಿಲ್ಲ. ಅದನ್ನೇ ಇನ್ನೊಬ್ಬ ನಿರ್ಮಾಪಕ ಸ್ಟೀಫನ್ ಹೇಗ್ ಜೊತೆ ಮತ್ತೆ ರೆಕಾರ್ಡ್ ಮಾಡಿದರು. 1986ರಲ್ಲಿ ಬ್ರಿಟನ್, ಅಮೆರಿಕ ಎರಡೂ ಕಡೆ ನಂಬರ್ ಒನ್! ನುಡಿಸುವವರು ಎರಡನ್ನೂ ಒಂದರ ಹಿಂದೆ ಒಂದು ಕೇಳಲೇಬೇಕು. ಮೊದಲನೆಯದರಲ್ಲಿ ಡ್ರಮ್ ಮುಂದೆ ನುಗ್ಗುತ್ತದೆ. ಎರಡನೆಯದರಲ್ಲಿ ಲಯ ನಿಧಾನ. ಬೇಸ್‌ಗೆ ಉಸಿರಾಡಲು ಜಾಗ ಇದೆ, ಟೆನೆಂಟ್ ಮಾತಾಡಿದ ಹಾಗೆ ಹೇಳುವ ಸಾಲುಗಳ ಸುತ್ತ ಸಿಂಥ್ (ಸಿಂಥಸೈಜರ್ ಕೀಬೋರ್ಡ್) ದನಿ ಮಂಜಿನಂತೆ ಹರಡುತ್ತದೆ. ನುಡಿಸುವಾಗ ಕೀಬೋರ್ಡಿನಿಂದ ಎಲ್ಲಿ ಕೈ ಎತ್ತಬೇಕು ಅನ್ನೋದನ್ನ ನಾನು ಕಲಿತದ್ದು ಇದರಿಂದಲೇ.

1986ರ 'ಪನಿನಾರೋ' ಹಾಡಿನಲ್ಲಿ ಲೋವ್ ದನಿ ಕೇಳಿಸುತ್ತದೆ. ಅದನ್ನೂ ಹುಡುಕಿ ಕೇಳಿ. ಮರುವರ್ಷ ಡಸ್ಟಿ ಸ್ಪ್ರಿಂಗ್‌ಫೀಲ್ಡ್ ಜೊತೆ ಮಾಡಿದ ಹಾಡು ಬ್ರಿಟನ್, ಅಮೆರಿಕ ಎರಡೂ ದೇಶಗಳಲ್ಲಿ ಎರಡನೇ ಸ್ಥಾನಕ್ಕೆ ಏರಿತು. ಆ ಹೊತ್ತಿಗೆ ಜನ ಮರೆಯುತ್ತಿದ್ದ ಎಂಥಾ ಗಾಯಕಿ ಆಕೆ!

ಈ ಜೋಡಿ ಒಡೆಯಲಿಲ್ಲ. 2024ರಲ್ಲೂ 'ನನ್‌ದಿಲೆಸ್' ಅನ್ನೋ ಹೊಸ ಆಲ್ಬಮ್ ತಂದರು. ಆದರೆ ಹೊಸದಾಗಿ ಕೇಳುವವರು 1990ರ 'ಬಿಹೇವಿಯರ್' ಆಲ್ಬಮ್‌ನಿಂದ ಶುರು ಮಾಡಿ. ಜರ್ಮನಿಯ ಮ್ಯೂನಿಕ್‌ನಲ್ಲಿ ನಿರ್ಮಾಪಕ ಹೆರಾಲ್ಡ್ ಫಾಲ್ಟರ್‌ಮೇಯರ್ ಜೊತೆ, ಹಳೇ ಅನಲಾಗ್ ಸಿಂಥ್‌ಗಳಲ್ಲಿ ಮಾಡಿದ್ದು. ಮೊದಲ ಹಾಡು 'ಬೀಯಿಂಗ್ ಬೋರಿಂಗ್', ಏಡ್ಸ್‌ನಿಂದ ತೀರಿಕೊಂಡ ಗೆಳೆಯನನ್ನು ನೆನೆದು ಬರೆದದ್ದು. ಫೋನಿನ ಸ್ಪೀಕರ್‌ನಲ್ಲಿ ಬೇಡ, ಹೆಡ್‌ಫೋನ್ ಹಾಕಿಕೊಳ್ಳಿ. ಬೇಸ್ ಪೂರ್ತಿ ಕೇಳಿಸಬೇಕು.