ಮಸಿ ಡ್ರಮ್ಮಿನ ಮೇಲಿನ ಗೆರೆ

ಕಾಲೇಜು ಅಂದ ಕೂಡಲೇ ನನಗೆ ನೆನಪಾಗೋದು ಫಿಸಿಯಾಲಜಿ ಲ್ಯಾಬಿನ ಮಸಿ ವಾಸನೆ. ಹೊಗೆ ಹಿಡಿಸಿದ ಕಪ್ಪು ಕಾಗದವನ್ನು ಡ್ರಮ್ಮಿಗೆ ಸುತ್ತುತ್ತಿದ್ದೆವು. ಕಪ್ಪೆಯ ಹೃದಯ ಮಿಡಿದಾಗಲೆಲ್ಲ ಅದಕ್ಕೆ ಕಟ್ಟಿದ ಸನ್ನೆಕಡ್ಡಿಯ ತುದಿ ಮಸಿ ಕೆರೆದು ಒಂದು ಬಿಳಿ ಗೆರೆ ಎಳೆಯುತ್ತಿತ್ತು.

ಆ ದಿನ ಮೇಡಂ ಕ್ಯಾಲ್ಸಿಯಂ ಇಲ್ಲದ ದ್ರಾವಣ ಬಿಟ್ಟರು. ಗೆರೆ ಗಿಡ್ಡವಾಗುತ್ತಾ ಬಂದು ಕೊನೆಗೆ ಸಪಾಟಾಯಿತು. ಯಾರೂ ಉಸಿರೆತ್ತಲಿಲ್ಲ. ಆಮೇಲೆ ಕ್ಯಾಲ್ಸಿಯಂ ಕ್ಲೋರೈಡಿನ ಕೆಲವು ಹನಿ. ಗೆರೆ ಮತ್ತೆ ಎದ್ದಿತು!

"1883ರಲ್ಲಿ ಬ್ರಿಟಿಷ್ ವೈದ್ಯ ಸಿಡ್ನಿ ರಿಂಗರ್ ಕಂಡಿದ್ದೂ ಇದನ್ನೇ" ಅಂದರು ಮೇಡಂ. ಲಂಡನ್ನಿನ ನಲ್ಲಿ ನೀರಲ್ಲಿ ಮಾಡಿದ ಉಪ್ಪಿನ ದ್ರಾವಣದಲ್ಲಿ ಕಪ್ಪೆ ಹೃದಯ ಚೆನ್ನಾಗಿ ಮಿಡಿಯುತ್ತಿತ್ತಂತೆ. ಭಟ್ಟಿ ಇಳಿಸಿದ ಶುದ್ಧ ನೀರು ಬಳಸಿದರೆ ನಿಂತೇ ಹೋಗುತ್ತಿತ್ತು. ನಲ್ಲಿ ನೀರಲ್ಲಿದ್ದ ಕ್ಯಾಲ್ಸಿಯಮ್ಮೇ ಕಾರಣ.

ಆ ಕ್ಯಾಲ್ಸಿಯಂ ಹಿಡಿಯುವ ಕೈ ಯಾವುದು ಅಂತ ಗೊತ್ತಾಗೋಕೆ ಇನ್ನೂ ಎಂಬತ್ತು ವರ್ಷ ಬೇಕಾಯಿತು. ಜಪಾನಿನ ಸೆತ್ಸುರೋ ಎಬಾಶಿ 1960ರ ದಶಕದಲ್ಲಿ ಟ್ರೋಪೋನಿನ್ ಅನ್ನೋ ಪ್ರೋಟೀನನ್ನು ಕಂಡುಹಿಡಿದರು. ಅದರಲ್ಲಿ ಸಿ, ಐ, ಟಿ ಅಂತ ಮೂರು ಭಾಗ. ಮೇಡಂ ಮೇಜಿನ ಮೇಲೆ ಸೀಮೆಸುಣ್ಣ ಸಾಲಾಗಿಟ್ಟು, ಮೇಲೊಂದು ದಾರ ಹಾಸಿದರು. ಸೀಮೆಸುಣ್ಣ ಆಕ್ಟಿನ್, ದಾರ ಟ್ರೋಪೋಮಯೋಸಿನ್, ಎರಡೂ ಸ್ನಾಯುವಿನ ಪ್ರೋಟೀನುಗಳೇ. ದಾರ ಅಡ್ಡ ಇರೋವರೆಗೂ ಮಯೋಸಿನ್ ಅನ್ನೋ ಮತ್ತೊಂದು ಸ್ನಾಯು ಪ್ರೋಟೀನು ಆಕ್ಟಿನ್ನನ್ನು ಹಿಡಿದೆಳೆಯೋಕೆ ಆಗಲ್ಲ. ಟ್ರೋಪೋನಿನ್ ಸಿಗೆ ಕ್ಯಾಲ್ಸಿಯಂ ಅಂಟಿದಾಗ ದಾರ ಪಕ್ಕಕ್ಕೆ ಸರಿಯುತ್ತದೆ, ಸ್ನಾಯು ಬಿಗಿಯುತ್ತದೆ. ಬೆರಳಲ್ಲಿ ದಾರ ಸರಿಸಿದರು, ವಾಪಸ್ ತಂದರು. ಮತ್ತೆ ಮತ್ತೆ.

"ಹಿಡಿಯೋದಷ್ಟೇ ಅಲ್ಲ, ಬಿಡೋದೂ ಕೆಲಸವೇ. ಬಿಡದಿದ್ದರೆ ಹೃದಯ ರಕ್ತ ತುಂಬಿಕೊಳ್ಳೋದು ಹೇಗೆ?"

ನಿಮಿಷಕ್ಕೆ ಸುಮಾರು 72 ಸಲ ಇದು ನಡೆಯಬೇಕಲ್ವಾ? ಬಿಟ್ಟ ಕ್ಯಾಲ್ಸಿಯಮ್ಮನ್ನು ಜೀವಕೋಶದೊಳಗಿನ ಪಂಪ್ ಎಳೆದುಕೊಳ್ಳುತ್ತದೆ. ಕ್ಯಾಲ್ಸಿಕ್ವೆಸ್ಟ್ರಿನ್ ಅನ್ನೋ ಇನ್ನೊಂದು ಪ್ರೋಟೀನು ಅದನ್ನು ಕಣಜದಲ್ಲಿ ಕಾಳು ಇಟ್ಟ ಹಾಗೆ ಮುಂದಿನ ಮಿಡಿತಕ್ಕೆ ಇಟ್ಟುಕೊಳ್ಳುತ್ತದೆ. ಈ ಪ್ರೋಟೀನಿನ ಜೀನ್ ಕೆಟ್ಟರೆ, ಓಡಿದಾಗ, ಗಾಬರಿಯಾದಾಗ ಹೃದಯದ ಲಯ ಅಪಾಯಕರವಾಗಿ ತಪ್ಪಬಹುದು. ಚಿಕ್ಕ ಮಕ್ಕಳಲ್ಲೂ.

ಈಗ ನಾನು ಆಸ್ಪತ್ರೆಯ ಲ್ಯಾಬಿನಲ್ಲಿದ್ದೇನೆ. ಎದೆನೋವು ಅಂತ ಬಂದವರ ರಕ್ತ ರಾತ್ರಿ ಎರಡು ಗಂಟೆಗೂ ನನ್ನ ಕೈಗೆ ಬರುತ್ತದೆ. ಹೃದಯದ ಸ್ನಾಯುವಿಗೆ ಪೆಟ್ಟಾದರೆ ಟ್ರೋಪೋನಿನ್ ರಕ್ತಕ್ಕೆ ಸೋರುತ್ತದೆ. ನಾವು ನೋಡೋದು ಐ ಅಥವಾ ಟಿ. ಕ್ಯಾಲ್ಸಿಯಂ ಹಿಡಿಯುವ ಸಿಯ ಹೆಸರು ರಿಪೋರ್ಟಿನಲ್ಲಿ ಬರೋದೇ ಇಲ್ಲ.

ಮೇಡಂ, ಯಾಕೆ ಸಿ ನೋಡಲ್ಲ ಅಂತ ಅವತ್ತು ನಾನು ನಿಮ್ಮನ್ನು ಕೇಳಿದ್ದೆ. "ನೀನೇ ಹುಡುಕಿ ಬಂದು ಹೇಳು" ಅಂದಿದ್ದಿರಿ. ಹೃದಯದಲ್ಲಿರುವ ಸಿ, ಕೈಕಾಲಿನ ನಿಧಾನವಾಗಿ ಬಿಗಿಯುವ ಸ್ನಾಯುಗಳಲ್ಲಿರುವ ಸಿ ಎರಡೂ ಒಂದೇ. ರಕ್ತದಲ್ಲಿ ಸಿಕ್ಕರೆ ಎಲ್ಲಿಂದ ಬಂತು ಅಂತ ಹೇಳೋಕಾಗಲ್ಲ.